ಮಾತ್ರೆಗಿಂತ ಮೊದಲು ಮೂತ್ರ

ಹಿಲ್ಲೂರು ಅಂಕೋಲಾ ತಾಲೂಕಿನ ಒಳಸೀಮೆಯ ಊರು. ಗಂಗಾವಳಿ ಹೊಳೆ, ಗದ್ದೆ, ತೋಟ, ಕಾಡು, ಹುಬ್ಬಳ್ಳಿಯ ಕಡೆಗೆ ಘಟ್ಟ ಹತ್ತುವ ಹೆದ್ದಾರಿ. ಸ್ವಲ್ಪ ದೊಡ್ಡ ತಪಾಸಣೆಗೆ ಅಂಕೋಲಾಕ್ಕೆ, ಇನ್ನೂ ದೊಡ್ಡದಕ್ಕೆ ಕಾರವಾರಕ್ಕೆ ಬಸ್ಸು ಹಿಡಿಯಬೇಕು. ಇಂಥ ಊರಿನಲ್ಲಿ ಬಹುಕಾಲ ಕೆಲಸ ಮಾಡಿದ ಒಬ್ಬ ಆಶಾ ಕಾರ್ಯಕರ್ತೆ, ವಯಸ್ಸಿನಲ್ಲಿ ಆಕೆಗಿಂತ ಚಿಕ್ಕವಳಾದ ಒಬ್ಬ ವೈದ್ಯೆ ಬಿಡುವಿನಲ್ಲಿ ಕೂತರೆ ಹೀಗೆ ಮಾತಾಡಿಕೊಂಡಾರು.

ಕಾರ್ಯಕರ್ತೆ: ಡಾಕ್ಟ್ರೇ, ಒಂದು ಕೇಳ್ಲಿಕ್ಕಿತ್ತು. ನಮ್ಮ ಕಡೆ ಹೆಂಗಸರಿಗೆ ಉರಿಮೂತ್ರ ಅಂದ್ರೆ ಕಾಯಿಲೆ ಲೆಕ್ಕದಲ್ಲೇ ಇಲ್ಲ. ಉಷ್ಣ ಆಗಿದೆ ಅಂತಾರೆ. ಎಳನೀರು, ಜೀರಿಗೆ ಕಷಾಯ, ನೆನೆಸಿಟ್ಟ ಕೊತ್ತಂಬರಿ ನೀರು ಎಲ್ಲ ಆಗ್ತದೆ. ಅದಕ್ಕೂ ಬಗ್ಗದಿದ್ರೆ ಅಂಕೋಲೆಗೆ ಹೋಗುವವರ ಹತ್ರ ಮಾತ್ರೆ ತರಿಸ್ತಾರೆ. ನಾಲ್ಕು ದಿನ ಆರಾಮ, ತಿಂಗಳು ಬಿಟ್ಟು ಮತ್ತೆ ಅದೇ ಉರಿ. ಹೀಗೆ ಪದೇ ಪದೇ ಬಂದವರಿಗೆ ಗುಪ್ತರೋಗದ ತಪಾಸಣೆ ಮಾಡಿಸ್ಬೇಕು ಅಂತ ಒಬ್ಬರು ಹೇಳಿದ್ರು. ಎಲ್ಲರಿಗೂ ಬೇಕಾ? ಇದನ್ನ ನಾನು ಯಾವ ಬಾಯಲ್ಲಿ ಹೇಳ್ಲಿ?

ವೈದ್ಯೆ: ಎಲ್ಲರಿಗೂ ಬೇಡ ಅಕ್ಕಾ. ಉರಿಮೂತ್ರ ಮರುಕಳಿಸಿತು ಅಂದ ಮಾತ್ರಕ್ಕೆ ಲೈಂಗಿಕ ಸೋಂಕು ಅಂದುಕೊಳ್ಳೋದು ತಪ್ಪು. ಮರ್ಯಾದಸ್ಥರ ಮನೆ ಅಂತ ಆ ವಿಚಾರವನ್ನೇ ಎತ್ತದೆ ಇರೋದೂ ಅಷ್ಟೇ ತಪ್ಪು. ಯಾರಿಗೆ ಬೇಕು, ಯಾರಿಗೆ ಬೇಡ ಅನ್ನೋದನ್ನು ಮನೆತನ ನೋಡಿ ಹೇಳೋಕಾಗಲ್ಲ. ಲಕ್ಷಣ ನೋಡಿ, ಮೂತ್ರದ ಪರೀಕ್ಷೆ ನೋಡಿ ಹೇಳಬಹುದು.

ಕಾರ್ಯಕರ್ತೆ: ಪದೇ ಪದೇ ಅಂದ್ರೆ ಎಷ್ಟು ಸಲ?

ವೈದ್ಯೆ: 6 ತಿಂಗಳಲ್ಲಿ 2 ಸಲ ಅಥವಾ ಒಂದು ವರ್ಷದಲ್ಲಿ 3 ಸಲ ಬಂದರೆ ಅದನ್ನು ಮರುಕಳಿಸುವ ಮೂತ್ರನಾಳದ ಸೋಂಕು ಅಂತ ವೈದ್ಯರು ಲೆಕ್ಕ ಹಾಕ್ತಾರೆ. ಆದರೆ ಆ ಲೆಕ್ಕಕ್ಕೆ ಸೇರಬೇಕಾದರೆ ಪ್ರತಿ ಸಲವೂ ನಿಜವಾಗಿ ಮೂತ್ರದಲ್ಲಿ ರೋಗಾಣು ಇತ್ತು ಅಂತ ಗೊತ್ತಾಗಿರಬೇಕು. ನಮ್ಮಲ್ಲಿ ಆಗೋದು ಏನು? ಮೂರು ಸಲ ಉರಿ, ಮೂರು ಸಲ ಮಾತ್ರೆ, ಒಂದು ಸಲವೂ ಪರೀಕ್ಷೆ ಇಲ್ಲ. ಹಾಗಾದಾಗ ಮೂರು ಸಲ ಬಂದದ್ದು ಒಂದೇ ಕಾಯಿಲೆಯಾ, ಬೇರೆ ಬೇರೆಯಾ ಅಂತ ಯಾರಿಗೂ ಗೊತ್ತಿರಲ್ಲ.

ಕಾರ್ಯಕರ್ತೆ: ಉರಿ ಒಂದೇ ಥರ ಇರ್ತದಲ್ಲ?

ವೈದ್ಯೆ: ಉರಿ ಒಂದೇ, ಕಾರಣ ಹಲವು. ಸಾಮಾನ್ಯ ಮೂತ್ರದ ಸೋಂಕಿನಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕಾರಣ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ. ಅದು ನಮ್ಮ ಕರುಳಿನಲ್ಲೇ ಇರುವಂಥದ್ದು, ಹೊರಗಿನಿಂದ ಯಾರೂ ತಂದು ಹಾಕಬೇಕಾಗಿಲ್ಲ. ಹೆಂಗಸರ ಮೂತ್ರದ್ವಾರ ಗುದದ್ವಾರಕ್ಕೆ ಹತ್ತಿರ, ಮೂತ್ರನಾಳ ಗಂಡಸರದ್ದಕ್ಕಿಂತ ತುಂಬ ಗಿಡ್ಡ. ಹಾಗಾಗಿ ಅದು ಸಲೀಸಾಗಿ ಮೂತ್ರಕೋಶ ಸೇರುತ್ತೆ. ಗಂಡ ಹೆಂಡತಿ ಕೂಡಿದ ಮೇಲೆ ಉರಿ ಬರೋದೂ ಬಹಳಷ್ಟು ಸಲ ಇದೇ ಇ. ಕೋಲಿಯಿಂದ. ಹೊಸದಾಗಿ ಮದುವೆಯಾದವರಲ್ಲಿ ಇದು ಹೆಚ್ಚು. ಕೂಡಿದ್ದರಿಂದ ರೋಗಾಣು ಒಳಗೆ ತಳ್ಳಿಸಿಕೊಂಡಿತು, ಅಷ್ಟೆ. ಅದು ಲೈಂಗಿಕ ರೋಗ ಅಲ್ಲ, ಗಂಡನಿಂದ ಬಂದದ್ದೂ ಅಲ್ಲ. ಇದನ್ನು ಮೊದಲು ಮನೆಮನೆಗೆ ಹೇಳಿ. ಅರ್ಧ ಭಯ ಅಲ್ಲೇ ಹೋಗುತ್ತೆ.

ಕಾರ್ಯಕರ್ತೆ: ನಮ್ಮ ಹೆಂಗಸರಿಗೆ ಬರೋದಕ್ಕೆ ಇನ್ನೊಂದು ಕಾರಣ ನಾನು ಹೇಳ್ತೇನೆ. ನೆಟ್ಟಿ ಹೊತ್ತಿಗೆ ಬೆಳಿಗ್ಗೆ ಗದ್ದೆಗಿಳಿದವರು ಸಂಜೆವರೆಗೆ ಹತ್ತುವುದಿಲ್ಲ. ಎಲ್ಲಿ ಹೋಗುವುದು ಅಂತ ನೀರೇ ಕುಡಿಯುವುದಿಲ್ಲ. ಕಾರವಾರದ ಆಸ್ಪತ್ರೆಗೆ ಹೋಗುವ ದಿನವೂ ಹಾಗೇ, ಬಸ್ ಸ್ಟ್ಯಾಂಡಿನ ಪಾಯಖಾನೆ ನೆನೆಸಿ ಬಾಯಿ ಒಣಗಿಸ್ಕೊಂಡೇ ಹೋಗ್ತಾರೆ.

ವೈದ್ಯೆ: ನೀವು ಹೇಳಿದ್ದನ್ನು ಪರೀಕ್ಷಿಸಿ ನೋಡಿದ್ದಾರೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇ ಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಲು ಹೇಳಿದರು. ವರ್ಷದಲ್ಲಿ ಆ ಗುಂಪಿಗೆ ಸರಾಸರಿ 1.7 ಸಲ ಸೋಂಕಾಯ್ತು, ಇನ್ನೊಂದು ಗುಂಪಿಗೆ 3.2 ಸಲ. ನಿಮ್ಮ ಎಳನೀರು, ಕೊತ್ತಂಬರಿ ನೀರು, ಮುರುಗಲು ಪಾನಕ, ಇವುಗಳ ಜೊತೆ ಹೊಟ್ಟೆಗೆ ಹೋಗುವ ನೀರೂ ಕೆಲಸ ಮಾಡುತ್ತೆ. ಕುಡಿಯಲಿ, ತಡೆಯಬೇಡಿ. ಆದರೆ ಜ್ವರ, ಚಳಿ, ಸೊಂಟದ ಮೇಲ್ಭಾಗದಲ್ಲಿ ನೋವು, ವಾಂತಿ ಇದ್ದರೆ ಕಷಾಯ ಕುಡಿಸುತ್ತ ಕೂರಬೇಡಿ. ಸೋಂಕು ಕಿಡ್ನಿಗೆ ಏರಿರಬಹುದು. ಅವತ್ತೇ ಆಸ್ಪತ್ರೆಗೆ ಕಳಿಸಿ.

ಕಾರ್ಯಕರ್ತೆ: ಮತ್ತೆ ಮೆಡಿಕಲ್ ಶಾಪಿನ ಮಾತ್ರೆ? ಅದರಲ್ಲಿ ಗುಣ ಆಗ್ತದಲ್ಲ?

ವೈದ್ಯೆ: ಕೆಲವರಿಗೆ ಆಗುತ್ತೆ. ಕೆಲವರಿಗೆ ಗುಣ ಆದ ಹಾಗೆ ಕಾಣುತ್ತೆ. ಎರಡು ಮಾತ್ರೆ ನುಂಗಿ ಉರಿ ಇಳಿದ ತಕ್ಷಣ ಉಳಿದದ್ದನ್ನು ಡಬ್ಬಿಯಲ್ಲಿ ಇಡ್ತಾರೆ. ರೋಗಾಣು ಅರ್ಧ ಸತ್ತು ಅರ್ಧ ಉಳಿಯುತ್ತೆ, ಉಳಿದದ್ದು ಆ ಔಷಧಿಗೆ ಬಗ್ಗದ್ದಾಗಿ ಬೆಳೆಯಬಹುದು. ಸರ್ಕಾರ ಸುಮ್ಮನೆ ಕೂತಿಲ್ಲ. 2014ರ ಮಾರ್ಚ್‌ನಿಂದ ಎಚ್1 ಅನ್ನೋ ಪಟ್ಟಿ ಜಾರಿಯಲ್ಲಿದೆ. ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್ ಆ ಪಟ್ಟಿಯಲ್ಲಿದೆ. ಅದನ್ನು ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆದರೆ ನನಗೆ ಅದಕ್ಕಿಂತ ಹೆಚ್ಚಿನ ತಲೆನೋವು ಇನ್ನೊಂದು. ಮಾತ್ರೆ ನುಂಗಿ ಬಂದವರ ಮೂತ್ರ ಪರೀಕ್ಷೆ ಮಾಡಿದರೆ ಎಷ್ಟೋ ಸಲ ಏನೂ ಸಿಗಲ್ಲ. ಕಾಯಿಲೆ ಇತ್ತೋ ಇಲ್ಲವೋ, ಇದ್ದರೆ ಯಾವುದು, ಯಾವ ಔಷಧಿಗೆ ಬಗ್ಗುತ್ತೆ ಅನ್ನೋ ಮೂರು ಪ್ರಶ್ನೆಗೂ ಉತ್ತರ ತೊಳೆದುಹೋಗಿರುತ್ತೆ.

ಕಾರ್ಯಕರ್ತೆ: ಮೂತ್ರ ಪರೀಕ್ಷೆ ಅಂದ್ರೆ ಇಲ್ಲಿ ಪಟ್ಟಿ ಅದ್ದಿ ನೋಡ್ತಾರಲ್ಲ, ಅದು?

ವೈದ್ಯೆ: ಅದು ಮೊದಲ ಮೆಟ್ಟಿಲು. ಮರುಕಳಿಸುವವರಿಗೆ ಬೇಕಾದದ್ದು ಕಲ್ಚರ್. ಮೂತ್ರವನ್ನು ಒಂದು ತಟ್ಟೆಯಲ್ಲಿ ಹಚ್ಚಿ, ಬೆಚ್ಚಗೆ ಇಟ್ಟು, ಬೆಳೆಯುವ ಬ್ಯಾಕ್ಟೀರಿಯಾ ಯಾವುದು, ಯಾವ ಔಷಧಿಗೆ ಸಾಯುತ್ತೆ ಅಂತ ನೋಡೋದು. ವರದಿಗೆ ಎರಡು ಮೂರು ದಿನ ಬೇಕು. ಮೊದಲು ಸ್ವಲ್ಪ ಮೂತ್ರ ಬಿಟ್ಟು, ನಡುವಿನದ್ದನ್ನು ಶುದ್ಧ ಡಬ್ಬಿಯಲ್ಲಿ ಹಿಡಿಯಬೇಕು. ಹಿಡಿದ ಎರಡು ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು, ಇಲ್ಲವಾದರೆ ಫ್ರಿಜ್ಜಿನಲ್ಲಿ ಇರಬೇಕು. ಹಿಲ್ಲೂರಿನ ಮನೆಯಲ್ಲಿ ಬೆಳಿಗ್ಗೆ ಹಿಡಿದು, ಚೀಲದಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಿಸಿ ಮಧ್ಯಾಹ್ನ ಕಾರವಾರದಲ್ಲಿ ಕೊಟ್ಟರೆ ದಾರಿಯಲ್ಲೇ ಬೇಡದ ಬ್ಯಾಕ್ಟೀರಿಯಾ ಬೆಳೆದುಬಿಡುತ್ತೆ. ಅಲ್ಲಿಗೇ ಹೋಗಿ ಅಲ್ಲೇ ಹಿಡಿದು ಕೊಡಲಿ.

ಕಾರ್ಯಕರ್ತೆ: ಸರಿ, ಕೊಟ್ಟರು ಅಂತ ಇಟ್ಕೊಳ್ಳಿ. ಆಮೇಲೆ?

ವೈದ್ಯೆ: ದಾರಿ ಎರಡು ಕವಲಾಗುತ್ತೆ. ಪ್ರತಿ ಸಲವೂ ಇ. ಕೋಲಿಯಂಥದ್ದೇ ಬೆಳೆಯಿತು, ತಕ್ಕ ಔಷಧಿ ಕೊಟ್ಟ ಎರಡು ಮೂರು ದಿನದಲ್ಲಿ ಉರಿ ನಿಂತಿತು, ಬೇರೆ ತೊಂದರೆ ಏನೂ ಇಲ್ಲ. ಆಗ ಲೈಂಗಿಕ ಸೋಂಕಿನ ಕಡೆ ಓಡಬೇಕಾಗಿಲ್ಲ. ಸಕ್ಕರೆ ಕಾಯಿಲೆ ಇದೆಯಾ, ಕಲ್ಲಿದೆಯಾ, ಗರ್ಭಕೋಶ ಜಾರಿದೆಯಾ, ಮೂತ್ರ ಪೂರ್ತಿ ಖಾಲಿ ಆಗ್ತಿದೆಯಾ ಅಂತ ನೋಡಬೇಕು. ಮುಟ್ಟು ನಿಂತ ಹೆಂಗಸರಲ್ಲಿ ಈಸ್ಟ್ರೋಜನ್ ಇಳಿದು ಆ ಜಾಗ ಒಣಗಿರುತ್ತೆ. ಅವರಿಗೆ ಯೋನಿಯಲ್ಲಿ ಹಚ್ಚುವ ಈಸ್ಟ್ರೋಜನ್ ಮುಲಾಮು ಕೊಟ್ಟರೆ ಸೋಂಕು ಕಡಿಮೆಯಾಗುತ್ತೆ. ಇದು ಎಷ್ಟೋ ಅಜ್ಜಿಯಂದಿರಿಗೆ ಗೊತ್ತೇ ಇಲ್ಲ, ವರ್ಷಗಟ್ಟಲೆ ಮಾತ್ರೆ ನುಂಗ್ತಾ ಇರ್ತಾರೆ.

ಕಾರ್ಯಕರ್ತೆ: ಇನ್ನೊಂದು ಕವಲು?

ವೈದ್ಯೆ: ಉರಿ ಇದೆ, ಮೂತ್ರದಲ್ಲಿ ಕೀವಿನ ಕಣವೂ ಇದೆ, ಆದರೆ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಒಂದು ಸಲ ಹೀಗಾದರೆ ಮೊದಲೇ ಮಾತ್ರೆ ನುಂಗಿದ್ದಿರಬಹುದು. ಮಾತ್ರೆ ಮುಟ್ಟದೆ ಕೊಟ್ಟಾಗಲೂ ಹೀಗೇ ಬಂದರೆ, ಎರಡನೇ ಸಲವೂ ಬಂದರೆ, ಅಲ್ಲಿ ನಾವು ನಿಲ್ಲಬೇಕು. ಕ್ಲಮೈಡಿಯಾ ಅನ್ನೋ ಲೈಂಗಿಕ ಸೋಂಕು ಸಾಮಾನ್ಯ ಕಲ್ಚರಿನಲ್ಲಿ ಬೆಳೆಯೋದೇ ಇಲ್ಲ. ಅದು ಮನುಷ್ಯನ ಜೀವಕೋಶದ ಒಳಗೆ ಮಾತ್ರ ಬದುಕುವಂಥದ್ದು, ಬರಿಯ ತಟ್ಟೆ ಅದಕ್ಕೆ ಸಾಲದು. ಗೊನೋರಿಯಾ ಮತ್ತು ಟ್ರೈಕೊಮೊನಾಸ್ ಅನ್ನೋ ಲೈಂಗಿಕ ಸೋಂಕುಗಳು ಕೂಡ ಮೂತ್ರದ ಮಾಮೂಲಿ ಕಲ್ಚರಿನಲ್ಲಿ ಸಿಗಲ್ಲ. ವರದಿಯಲ್ಲಿ ‘ಬೆಳವಣಿಗೆ ಇಲ್ಲ’ ಅಂತ ಬಂದರೆ ರೋಗ ಇಲ್ಲ ಅಂತ ಅರ್ಥ ಅಲ್ಲ, ಆ ಪರೀಕ್ಷೆಗೆ ಸಿಗುವ ರೋಗ ಇಲ್ಲ ಅಂತ.

ಕಾರ್ಯಕರ್ತೆ: ಹಾಗಾದ್ರೆ ಏನೂ ಬೆಳೆಯದಿದ್ರೆ ಅದೇ ಅಂತ ಲೆಕ್ಕವಾ?

ವೈದ್ಯೆ: ಅಲ್ಲ, ಅಲ್ಲೂ ಅವಸರ ಬೇಡ. ನಮ್ಮ ದೇಶದಲ್ಲಿ ಕಿಡ್ನಿ, ಮೂತ್ರಕೋಶಕ್ಕೆ ತಗಲುವ ಕ್ಷಯವೂ ಹೀಗೇ ಕೀವು ತೋರಿಸುತ್ತೆ, ಮಾಮೂಲಿ ಕಲ್ಚರಿನಲ್ಲಿ ಬೆಳೆಯಲ್ಲ. ಕಲ್ಲಿದ್ದರೂ ಹೀಗಾಗುತ್ತೆ. ತೂಕ ಇಳಿದಿದೆಯಾ, ಸಂಜೆ ಜ್ವರ ಬರುತ್ತಾ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ ಅಂತ ಅದನ್ನೂ ಕೇಳಬೇಕು. ಲೈಂಗಿಕ ಸೋಂಕು ಪಟ್ಟಿಯಲ್ಲಿ ಒಂದು ಹೆಸರು. ಆದರೆ ನಾಚಿಕೆಯಿಂದ ನಾವು ಬಿಟ್ಟುಬಿಡುವ ಹೆಸರು ಅದೊಂದೇ.

ಕಾರ್ಯಕರ್ತೆ: ಪರೀಕ್ಷೆ ವರದಿ ನನ್ನ ಕೈಗೆ ಬರುವುದಿಲ್ಲ. ಬಾಗಿಲಲ್ಲಿ ನಿಂತು ಮಾತಾಡುವಾಗಲೇ ಗೊತ್ತಾಗುವ ಗುರುತು ಏನಾದ್ರೂ ಇದೆಯಾ?

ವೈದ್ಯೆ: ಇದೆ, ಕೆಲವು ಚೆನ್ನಾಗಿಯೇ ಇವೆ. ಮೊದಲನೆಯದು ಬಿಳಿ ಹೋಗೋದು. ಹೆಂಗಸಿಗೆ ಉರಿಯೂ ಇದೆ, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕು ಅನಿಸುತ್ತೆ, ಆದರೆ ಬಿಳಿ ಹೋಗೋದಾಗಲೀ ಆ ಜಾಗದಲ್ಲಿ ತುರಿಕೆಯಾಗಲೀ ಇಲ್ಲ. ಹಾಗಿದ್ದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಅದು ಮೂತ್ರದ್ದೇ ಸೋಂಕು. ಉರಿಯ ಜೊತೆ ಬಿಳಿ ಹೋಗೋದು, ವಾಸನೆ, ತುರಿಕೆ ಇದ್ದರೆ ಬರೀ ಮೂತ್ರದ ಮಾತ್ರೆ ಕೊಟ್ಟು ಕಳಿಸಬಾರದು, ಒಳಗೆ ಪರೀಕ್ಷೆ ಮಾಡಿ ನೋಡಬೇಕು.

ಎರಡನೆಯದು ಉರಿ ಎಲ್ಲಿ ಅನ್ನೋದು. ಮೂತ್ರ ಬರುವಾಗ ಒಳಗೆ ಉರಿಯುತ್ತಾ, ಬಂದ ಮೂತ್ರ ಹೊರಗಿನ ಚರ್ಮಕ್ಕೆ ತಾಗಿದಾಗ ಉರಿಯುತ್ತಾ? ಹೊರಗೆ ಉರಿದರೆ ಅಲ್ಲಿ ಹುಣ್ಣು, ಗುಳ್ಳೆ, ಬಿರುಕು ಇರಬಹುದು. ಹರ್ಪಿಸ್ ಅನ್ನೋ ಲೈಂಗಿಕ ಸೋಂಕು ಆದಾಗ ಹೀಗಾಗುತ್ತೆ.

ಮೂರನೆಯದು ಹೇಗೆ ಶುರುವಾಯ್ತು ಅನ್ನೋದು. ಮೂತ್ರಕೋಶದ ಸೋಂಕು ನಿನ್ನೆ ಇಲ್ಲ, ಇವತ್ತು ಇದೆ ಅನ್ನೋ ಹಾಗೆ ಜೋರಾಗಿ ಬರುತ್ತೆ. ಕ್ಲಮೈಡಿಯಾ ಮೆಲ್ಲಗೆ, ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬರುತ್ತೆ.

ಇನ್ನು ಕೂಡಿದ ಮೇಲೆ ರಕ್ತ ಕಾಣೋದು, ಮುಟ್ಟಿನ ನಡುವೆ ರಕ್ತ ಕಾಣೋದು, ಕೂಡುವಾಗ ಒಳಗೆ ನೋವು, ಕಿಬ್ಬೊಟ್ಟೆ ನೋವು. ಗಂಡನಿಗೆ ಉರಿ ಅಥವಾ ಕೀವು. ಕಳೆದ ಎರಡು ಮೂರು ತಿಂಗಳಲ್ಲಿ ಹೊಸ ಸಂಬಂಧ, ಇಬ್ಬರಲ್ಲಿ ಯಾರದ್ದಾದರೂ ಸರಿ. ಕಲ್ಚರಿನಲ್ಲಿ ಕಂಡ ರೋಗಾಣುವಿಗೆ ತಕ್ಕ ಔಷಧಿ ಪೂರ್ತಿ ತಗೊಂಡರೂ ಉರಿ ನಿಲ್ಲದೆ ಇರೋದು. ಇವುಗಳಲ್ಲಿ ಒಂದಿದ್ದರೂ ತಪಾಸಣೆಯ ಮಾತು ಎತ್ತಬಹುದು.

ಕಾರ್ಯಕರ್ತೆ: ಬಿಳಿ ಹೋಗುವುದು ಅಂದ್ರೆ ನಮ್ಮಲ್ಲಿ ಅರ್ಧ ಹೆಂಗಸರು ಬರ್ತಾರೆ. ಅವರೆಲ್ಲರದ್ದೂ ಗುಪ್ತರೋಗವಾ?

ವೈದ್ಯೆ: ಅಲ್ಲ, ಈ ತಪ್ಪನ್ನು ನಮ್ಮವರೂ ಮಾಡ್ತಾರೆ. ಮುಟ್ಟಿನ ಚಕ್ರದಲ್ಲಿ ಸ್ವಲ್ಪ ಬಿಳಿ ಹೋಗೋದು ಸಹಜ. ಮೊಸರಿನ ಗಟ್ಟಿಯಂತೆ, ತುರಿಕೆ ಜೊತೆ ಬಂದರೆ ಹೆಚ್ಚಾಗಿ ಕ್ಯಾಂಡಿಡಾ ಅನ್ನೋ ಶಿಲೀಂಧ್ರ. ಮೀನಿನ ವಾಸನೆಯ ತೆಳು ಬಿಳಿ ಹೆಚ್ಚಾಗಿ ಯೋನಿಯಲ್ಲಿನ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದ್ದರಿಂದ. ಇವೆರಡನ್ನೂ ಲೈಂಗಿಕ ರೋಗದ ಪಟ್ಟಿಗೆ ಸೇರಿಸಲ್ಲ. ಬಿಳಿ ಹೋಯ್ತು ಅಂತ ಗಂಡನ ಮೇಲೆ ಗೂಬೆ ಕೂರಿಸೋಕಾಗಲ್ಲ, ಹೆಂಡತಿ ಮೇಲಂತೂ ಆಗೋದೇ ಇಲ್ಲ. ಒಂದು ಹನಿ ಸ್ರಾವವನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಟ್ರೈಕೊಮೊನಾಸ್ ಇದ್ದಲ್ಲಿ ಅದು ಈಜಾಡೋದು ಎಷ್ಟೋ ಸಲ ಕಾಣುತ್ತೆ. ಖರ್ಚಿಲ್ಲದ ಪರೀಕ್ಷೆ. ನೋಡುವ ಮನಸ್ಸು ಬೇಕು, ಅಷ್ಟೆ.

ಕಾರ್ಯಕರ್ತೆ: ದೊಡ್ಡ ದೊಡ್ಡ ಆಸ್ಪತ್ರೆಯಲ್ಲಿ ಈ ಗೊಂದಲ ಇರುವುದಿಲ್ಲ, ಅಲ್ವಾ? ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗ್ತಾ ಇದ್ದೇವೆ. ಏನಾದ್ರೂ ಆದ್ರೆ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡ್ಬೇಕು.

ವೈದ್ಯೆ: ದೊಡ್ಡ ಆಸ್ಪತ್ರೆ ಬೇಕು, ಆ ಕೂಗು ನ್ಯಾಯವಾದದ್ದೇ. ಆದರೆ ಈ ಗೊಂದಲಕ್ಕೆ ಕಟ್ಟಡದ ಗಾತ್ರ ಕಾರಣ ಅಲ್ಲ. ಅಮೆರಿಕದ ಒಂದು ನಗರದ ತುರ್ತು ಚಿಕಿತ್ಸಾ ವಿಭಾಗದಲ್ಲಿ 264 ಹೆಂಗಸರನ್ನು ಪರೀಕ್ಷಿಸಿ 2015ರಲ್ಲಿ ವರದಿ ಮಾಡಿದರು. 175 ಮಂದಿಗೆ ಮೂತ್ರದ ಸೋಂಕು ಅಂತ ವೈದ್ಯರು ಹೇಳಿದ್ದರು. ಕಲ್ಚರಿನಲ್ಲಿ ಅದು ನಿಜ ಅಂತ ಕಂಡದ್ದು 84 ಮಂದಿಯಲ್ಲಿ. ಅದೇ 264ರಲ್ಲಿ 60 ಮಂದಿಗೆ ಲೈಂಗಿಕ ಸೋಂಕು ಇತ್ತು. ಅವರಲ್ಲಿ 22 ಮಂದಿಗೆ ವಾರದೊಳಗೆ ತಕ್ಕ ಚಿಕಿತ್ಸೆ ಸಿಗಲಿಲ್ಲ. ಆ 22ರಲ್ಲಿ 14 ಮಂದಿಗೆ ಮೂತ್ರದ ಸೋಂಕು ಅಂತಲೇ ಹೇಳಿ ಕಳಿಸಿದ್ದರು. ಯಂತ್ರ, ಲ್ಯಾಬು ಎಲ್ಲ ಇರುವ ಕಡೆಯೇ ಹೀಗೆ.

ಕಾರ್ಯಕರ್ತೆ: ನಮ್ಮ ದೇಶದ ಹಳ್ಳಿಗಳಲ್ಲಿ ಯಾರೂ ಲೆಕ್ಕ ಹಾಕಲಿಲ್ವಾ?

ವೈದ್ಯೆ: ಹಾಕಿದ್ದಾರೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ರಾಣಿ ಬಂಗ್, ಅಭಯ್ ಬಂಗ್ ದಂಪತಿ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿದರು. ಅದು 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಅಥವಾ ಲೈಂಗಿಕ ರೋಗ ಇತ್ತು. ಹಿಂದೆ ಎಂದಾದರೂ ಒಳಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ ಎಂಟು ಮಂದಿ. ಅಷ್ಟು ನೋವನ್ನು ಅವರು ಹೆಂಗಸಾಗಿ ಹುಟ್ಟಿದ್ದರ ಪಾಲು ಅಂತ ಸಹಿಸಿಕೊಂಡಿದ್ದರು. ನೀವು ‘ಉಷ್ಣ’ ಅಂದಿರಲ್ಲ, ಅದೂ ಆ ಸಹನೆಯದ್ದೇ ಮಾತು.

ಕಾರ್ಯಕರ್ತೆ: ಸಹಿಸದೆ ಏನು ಮಾಡ್ತಾರೆ ಡಾಕ್ಟ್ರೇ? ಬಾಯಿ ಬಿಟ್ರೆ ಮನೆ ಒಡೀತದೆ. ನಾನು ಒಬ್ಬಳಿಗೆ ಆ ತಪಾಸಣೆ ಮಾಡಿಸು ಅಂದ್ರೆ, ಅತ್ತೆ ಕೇಳ್ತಾಳೆ ಯಾಕೆ ಅಂತ. ಗಂಡ ಕೇಳ್ತಾನೆ ನನ್ನ ಮೇಲೆ ಸಂಶಯವಾ, ಇಲ್ಲಾ ನೀನೇ ಏನಾದ್ರೂ ಮಾಡ್ಕೊಂಡ್ಯಾ ಅಂತ. ನಾಳೆಯಿಂದ ಆ ಮನೆ ಬಾಗಿಲು ನನಗೆ ಮುಚ್ಚಿತು.

ವೈದ್ಯೆ: ಆ ಭಯ ಸುಳ್ಳಲ್ಲ. ಅದಕ್ಕೇ ಒಂದು ವಿಷಯ ಬಹಳ ಸ್ಪಷ್ಟವಾಗಿ ಗೊತ್ತಿರಬೇಕು. ಕ್ಲಮೈಡಿಯಾ ತಗಲಿದ ಹೆಂಗಸರಲ್ಲಿ ಬಹುಪಾಲು ಜನಕ್ಕೆ ಯಾವ ಲಕ್ಷಣವೂ ಇರಲ್ಲ, ಗಂಡಸರಲ್ಲೂ ಸುಮಾರು ಅರ್ಧದಷ್ಟು ಜನಕ್ಕೆ ಇರಲ್ಲ. ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಮೀರಿ ಸದ್ದಿಲ್ಲದೆ ಇರುತ್ತೆ. ಇವತ್ತು ವರದಿಯಲ್ಲಿ ಬಂತು ಅಂದರೆ ನಿನ್ನೆ ತಗಲಿತು ಅಂತ ಅಲ್ಲ. ಮದುವೆಗೆ ಮುಂಚಿನದ್ದೂ ಇರಬಹುದು. ಯಾರಿಂದ ಯಾರಿಗೆ ಹೋಯ್ತು ಅಂತ ಹೇಳುವ ಶಕ್ತಿ ಆ ಪರೀಕ್ಷೆಗೆ ಇಲ್ಲ. ಸೋಂಕು ಇದೆಯಾ, ಇಲ್ಲವಾ, ಅಷ್ಟೇ ಅದು ಹೇಳೋದು. ವರದಿ ಹಿಡಿದು ಪಂಚಾಯ್ತಿ ಮಾಡೋಕೆ ಬಂದವರಿಗೆ ನಾನು ಇದನ್ನೇ ಹೇಳ್ತೀನಿ.

ಕಾರ್ಯಕರ್ತೆ: ಹಾಗಾದ್ರೆ ಸುಮ್ಮನಿದ್ದದ್ದನ್ನ ಕೆದಕುವುದು ಯಾಕೆ?

ವೈದ್ಯೆ: ಸುಮ್ಮನಿದ್ದ ಹಾಗೆ ಕಾಣುತ್ತೆ, ಒಳಗೆ ಸುಮ್ಮನಿರಲ್ಲ. ಹೆಂಗಸರಲ್ಲಿ ಗರ್ಭನಾಳಕ್ಕೆ ಏರಿ ಗಾಯ ಮಾಡುತ್ತೆ. ಆಮೇಲೆ ಮಕ್ಕಳಾಗಲಿಲ್ಲ ಅಂತ ದೇವಸ್ಥಾನ ಸುತ್ತುತ್ತಾರೆ. ಗರ್ಭ ನಾಳದಲ್ಲೇ ನಿಂತು ಒಡೆದರೆ ಜೀವಕ್ಕೇ ಅಪಾಯ. ಗುಣ ಮಾಡೋದಾದರೋ ಸುಲಭ. ಕ್ಲಮೈಡಿಯಾಕ್ಕೆ ಡಾಕ್ಸಿಸೈಕ್ಲಿನ್ ದಿನಕ್ಕೆ ಎರಡರಂತೆ ಏಳು ದಿನ ಸಾಕು, ಗರ್ಭಿಣಿಗೆ ಬೇರೆ ಮಾತ್ರೆ ಇದೆ. ಆದರೆ ಗಂಡ ಹೆಂಡತಿ ಇಬ್ಬರೂ ತಗೋಬೇಕು, ಇಬ್ಬರ ಮದ್ದೂ ಪೂರ್ತಿ ಮುಗಿಯುವವರೆಗೆ ಕೂಡಬಾರದು. ಒಬ್ಬರಿಗೆ ಮಾತ್ರ ಮದ್ದು ಮಾಡೋದು ಗದ್ದೆಯ ಒಂದು ಬದು ಕಟ್ಟಿ ಇನ್ನೊಂದನ್ನು ಒಡೆದಿಟ್ಟ ಹಾಗೆ. ಕೆಲವು ಹೆಂಗಸರ ‘ಮರುಕಳಿಸುವ ಉರಿಮೂತ್ರ’ದ ಹಿಂದೆ ಮದ್ದು ತಗೊಳ್ಳದ ಗಂಡ ಇರ್ತಾನೆ.

ಕಾರ್ಯಕರ್ತೆ: ಗಂಡಸರು ಬರಬೇಕಲ್ಲ! ನಮ್ಮಲ್ಲಿ ಗಂಡಸರಿಗೂ ಉರಿ ಆಗ್ತದೆ. ಹೆಂಡತಿಗೆ ಹೇಳುವುದಿಲ್ಲ, ನನಗಂತೂ ಹೇಳುವುದೇ ಇಲ್ಲ. ಗೋಡೆ ಮೇಲೆ ಬೋರ್ಡು ನೋಡಿ ಯಾವುದೋ ಲಾಡ್ಜಿಗೆ ಹೋಗಿ ಸಾವಿರಗಟ್ಟಲೆ ಕೊಟ್ಟು ಪುಡಿ ತರ್ತಾರೆ.

ವೈದ್ಯೆ: ಗಂಡಸರ ವಿಷಯದಲ್ಲಿ ಲೆಕ್ಕ ಇನ್ನೂ ನೇರ. ಗಂಡಸರ ಮೂತ್ರನಾಳ ಉದ್ದ, ಐವತ್ತರ ಒಳಗಿನವರಿಗೆ ಸಾಮಾನ್ಯ ಮೂತ್ರದ ಸೋಂಕು ಅಪರೂಪ. ಹಾಗಾಗಿ ಹರೆಯದ ಗಂಡಸಿಗೆ ಉರಿ, ತುದಿಯಲ್ಲಿ ಕೀವು ಇದ್ದರೆ ಎರಡನೇ ಸಲಕ್ಕೆ ಕಾಯಬಾರದು, ಮೊದಲ ಸಲವೇ ಲೈಂಗಿಕ ಸೋಂಕಿನ ತಪಾಸಣೆ ಆಗಬೇಕು. ಗೊನೋರಿಯಾ ಆದರೆ ಸಾಮಾನ್ಯವಾಗಿ ವಾರದೊಳಗೆ ಕೀವು ಕಾಣುತ್ತೆ, ಕ್ಲಮೈಡಿಯಾಕ್ಕೆ ಒಂದರಿಂದ ಮೂರು ವಾರ. ವಯಸ್ಸಾದವರಲ್ಲಿ ಪ್ರಾಸ್ಟೇಟ್ ಊದಿಕೊಂಡು ಸೋಂಕಾಗೋದು ಬೇರೆ ವಿಷಯ.

ಕಾರ್ಯಕರ್ತೆ: ಲಾರಿ ಓಡಿಸುವವರು, ಗೋವಾಕ್ಕೆ ದುಡಿಯಲಿಕ್ಕೆ ಹೋಗಿ ತಿಂಗಳಾನುಗಟ್ಟಲೆ ಅಲ್ಲೇ ಇರುವವರು ಇದ್ದಾರೆ. ಅಂಥವರ ಮನೆಯಲ್ಲಿ ಮಾತ್ರ ಈ ವಿಚಾರ ಕೇಳಿದ್ರೆ ಸಾಕಾ?

ವೈದ್ಯೆ: ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ದೂರ ಹೋಗುವ ಲಾರಿ ಚಾಲಕರನ್ನೂ ವಲಸೆ ಕಾರ್ಮಿಕರನ್ನೂ ಹೆಚ್ಚು ಗಮನ ಕೊಡಬೇಕಾದ ಗುಂಪು ಅಂತ ಗುರುತಿಸಿದೆ. ಅದು ಕಾರ್ಯಕ್ರಮಕ್ಕೆ ಸರಿ. ಮನೆ ಬಾಗಿಲಲ್ಲಿ ಅದೇ ಲೆಕ್ಕ ಹಿಡಿದರೆ ಕೆಲಸ ಕೆಡುತ್ತೆ. ಲಾರಿಯವನ ಹೆಂಡತಿಗೆ ಅವಮಾನ ಆಗುತ್ತೆ, ಮೇಷ್ಟ್ರ ಹೆಂಡತಿಯ ಕಾಯಿಲೆ ತಪ್ಪಿಸಿಕೊಳ್ಳುತ್ತೆ. ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿ, ಒಂದೇ ದನಿಯಲ್ಲಿ ಕೇಳಿ. ಎಲ್ಲರಿಗೂ ಕೇಳುವ ಪ್ರಶ್ನೆಯಿಂದ ಯಾರ ಮರ್ಯಾದೆಯೂ ಹೋಗಲ್ಲ. ಗರ್ಭಿಣಿಯರಿಗೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ನೀವೇ ಮಾಡಿಸ್ತೀರಲ್ಲ, ಯಾರಾದರೂ ಜಗಳಕ್ಕೆ ಬಂದಿದ್ದಾರಾ?

ಕಾರ್ಯಕರ್ತೆ: ಇಲ್ಲ. ತಾಯಿ ಕಾರ್ಡಿನಲ್ಲಿ ಇರ್ತದೆ, ಎಲ್ಲರಿಗೂ ಮಾಡ್ತಾರೆ ಅಂತ ಅವರಿಗೆ ಗೊತ್ತು.

ವೈದ್ಯೆ: ಅದೇ ಗುಟ್ಟು. ಉರಿಮೂತ್ರಕ್ಕೂ ಹಾಗೇ ಆಗಬೇಕು.

ಕಾರ್ಯಕರ್ತೆ: ಪರೀಕ್ಷೆ ಎಲ್ಲಿ, ಎಷ್ಟು ಖರ್ಚು ಅಂತ ಕೇಳ್ತಾರೆ. ಒಂದು ದಿನದ ಕೂಲಿ ಹೋಗ್ತದೆ, ಮೇಲಿಂದ ಬಸ್ ಚಾರ್ಜು.

ವೈದ್ಯೆ: ಎಚ್‌ಐವಿ, ಸಿಫಿಲಿಸ್ ರಕ್ತಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲೂ ಬೆರಳು ಚುಚ್ಚಿ ನೋಡ್ತಾರೆ. ಲೈಂಗಿಕ ಸೋಂಕಿಗೆ ಅಂತಲೇ ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಅನ್ನೋ ಹೆಸರಿನ ವಿಭಾಗ ನಡೆಸುವ ವ್ಯವಸ್ಥೆ ಇದೆ. ನಮಗೆ ಅದಕ್ಕೆ ಕಾರವಾರ. ಅಲ್ಲಿ ಲಕ್ಷಣ ನೋಡಿ ಬಣ್ಣದ ಪೊಟ್ಟಣದಲ್ಲಿ ಔಷಧಿ ಕೊಡ್ತಾರೆ. ಮೂತ್ರದ್ವಾರದಲ್ಲಿ ಕೀವಿದ್ದರೆ ಬೂದು ಬಣ್ಣದ್ದು, ಬಿಳಿ ಹೋಗೋದಕ್ಕೆ ಹಸಿರು, ಕಿಬ್ಬೊಟ್ಟೆ ನೋವಿಗೆ ಹಳದಿ, ಹರ್ಪಿಸ್ ಗುಳ್ಳೆಗೆ ಕೆಂಪು. ಎಲ್ಲ ಉಚಿತ. ಬೇಕಾದಲ್ಲಿ ಸಂಗಾತಿಗೂ ಕೊಡ್ತಾರೆ. ಆದರೆ ಈ ಪದ್ಧತಿಗೆ ಒಂದು ಮಿತಿ ಇದೆ. ಲಕ್ಷಣ ಇಲ್ಲದವರು ಇದಕ್ಕೆ ಸಿಗಲ್ಲ. ಕ್ಲಮೈಡಿಯಾವನ್ನು ಖಚಿತ ಮಾಡೋಕೆ ಪಿಸಿಆರ್ ಥರದ ಪರೀಕ್ಷೆ ಬೇಕು. ಅದು ಹೆಚ್ಚಾಗಿ ಖಾಸಗಿ ಲ್ಯಾಬುಗಳ ಮೂಲಕ ದೊಡ್ಡ ಊರಿಗೆ ಹೋಗುತ್ತೆ, ದುಡ್ಡೂ ಆಗುತ್ತೆ.

ಕಾರ್ಯಕರ್ತೆ: ಅದಕ್ಕೂ ನಡುವಿನ ಮೂತ್ರವೇ ಕೊಡುವುದಾ?

ವೈದ್ಯೆ: ಒಳ್ಳೇ ಪ್ರಶ್ನೆ. ಅದಕ್ಕೆ ಉಲ್ಟಾ. ಒಂದು ಗಂಟೆಯಾದರೂ ಮೂತ್ರಕ್ಕೆ ಹೋಗದೆ ಇದ್ದು, ಮೊದಲು ಬರುವ ಮೂತ್ರವನ್ನೇ ಹಿಡಿಯಬೇಕು. ಮೂತ್ರನಾಳದ ಗೋಡೆಗೆ ಅಂಟಿದ ಸೋಂಕು ಆ ಮೊದಲ ಧಾರೆಯಲ್ಲಿ ತೊಳೆದು ಬರುತ್ತೆ. ಹೆಂಗಸರಿಗೆ ಯೋನಿಯಿಂದ ಹತ್ತಿಕಡ್ಡಿಯಲ್ಲಿ ತೆಗೆದ ಸ್ರಾವ ಇನ್ನೂ ಒಳ್ಳೆಯದು, ಅದನ್ನು ಅವರೇ ತೆಗೆದುಕೊಡಬಹುದು. ಕಲ್ಚರಿಗೆ ನಡುವಿನದ್ದು, ಇದಕ್ಕೆ ಮೊದಲಿನದ್ದು. ಎರಡಕ್ಕೂ ಒಂದೇ ಡಬ್ಬಿ ಕೊಟ್ಟರೆ ಎರಡರಲ್ಲಿ ಒಂದು ವರದಿ ಹಾಳು.

ಕಾರ್ಯಕರ್ತೆ: ವರದಿ ಊರಿಡೀ ಗೊತ್ತಾದ್ರೆ? ನಮ್ಮಲ್ಲಿ ಆಸ್ಪತ್ರೆ ಚೀಟಿ ಬರೆಯುವವರೂ ಯಾರದ್ದೋ ಭಾವ, ಯಾರದ್ದೋ ಅತ್ತಿಗೆ.

ವೈದ್ಯೆ: ಎಚ್‌ಐವಿ ವಿಷಯದಲ್ಲಿ 2017ರ ಕಾಯ್ದೆ ಇದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಾಯಿಬಿಡುವಂತಿಲ್ಲ. ಉಳಿದ ಕಾಯಿಲೆಗೂ ರೋಗಿಯ ಗುಟ್ಟು ಕಾಯೋದು ವೈದ್ಯರ ಕರ್ತವ್ಯ. ಕಾನೂನು ಇಷ್ಟು ಮಾಡಿದೆ. ಉಳಿದದ್ದು ನಮ್ಮ ನಿಮ್ಮ ನಾಲಿಗೆ. ಅತ್ತೆಯ ಎದುರು ಕೇಳಬೇಡಿ, ಬಾವಿಕಟ್ಟೆಯಲ್ಲಿ ಕೇಳಬೇಡಿ. ಊರಿನ ಚೀಟಿಯವರ ಭಯ ಇದ್ದವರನ್ನು ಸೀದಾ ಕಾರವಾರಕ್ಕೆ ಕಳಿಸಿ. ಮನೆಯಿಂದಲೇ ಕೇಳಬೇಕು ಅನ್ನುವವರಿಗೆ 1097 ಉಚಿತ ಸಹಾಯವಾಣಿ ಇದೆ, ಹೆಸರು ಹೇಳಬೇಕಾಗಿಲ್ಲ.

ಕಾರ್ಯಕರ್ತೆ: ಹದಿನೈದು ಹದಿನಾರರ ಹುಡುಗಿ ಬಂದ್ರೆ?

ವೈದ್ಯೆ: ಬೈಯಬೇಡಿ, ಮೊದಲು ಡಾಕ್ಟರ ಹತ್ತಿರ ಕರಕೊಂಡು ಬನ್ನಿ. ಹೆಚ್ಚಿನವರದ್ದು ಸಾಮಾನ್ಯ ಸೋಂಕೇ ಇರುತ್ತೆ. ಶಾಲೆಯ ಪಾಯಖಾನೆಗೆ ಹೋಗಲಾರದೆ ತಡೆದುಕೊಂಡದ್ದೂ ಇರಬಹುದು. ಮಕ್ಕಳಲ್ಲಿ ಲೈಂಗಿಕ ಸೋಂಕು ಕಂಡರೆ ಮಾತ್ರ ಅದು ದೌರ್ಜನ್ಯದ ಸುಳಿವು ಇರಬಹುದು. ಹದಿನೆಂಟರ ಒಳಗಿನವರ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಡೋದು ಅಪರಾಧ.

ಕಾರ್ಯಕರ್ತೆ: ಡಾಕ್ಟ್ರೇ, ನೀವು ಹೇಳಿದ್ದೆಲ್ಲ ನನಗೆ ತಿಳೀತು. ಹೇಳುವ ರೀತಿ ಮಾತ್ರ ನಾನು ನೋಡ್ಕೊಳ್ತೇನೆ. ‘ಗುಪ್ತರೋಗದ ತಪಾಸಣೆ’ ಅಂದ್ರೆ ಯಾರೂ ಬರುವುದಿಲ್ಲ. ‘ಉರಿಮೂತ್ರ ಮತ್ತೆ ಬಂದವರಿಗೆಲ್ಲ ಮಾಡುವ ತಪಾಸಣೆ, ಗಂಡ ಹೆಂಡತಿ ಇಬ್ಬರಿಗೂ ಇರ್ತದೆ’ ಅಂತೇನೆ. ಗಂಡಸರಿಗೆ ನಾನು ಹೇಳಿದ್ರೆ ನಡೆಯುವುದಿಲ್ಲ, ಅದನ್ನ ಆರೋಗ್ಯ ಇಲಾಖೆಯ ಗಂಡಸರೇ ಹೇಳ್ಬೇಕು. ಆ ಕೆಲಸವನ್ನೂ ನನ್ನ ತಲೆಗೆ ಕಟ್ಟಬೇಡಿ.

ವೈದ್ಯೆ: ಕಟ್ಟಲ್ಲ. ಆ ಮಾತು ನಾನು ಮೇಲಿನವರಿಗೆ ಹೇಳ್ತೀನಿ. ನೀವು ಹೆಂಗಸರಿಗೆ ಇಷ್ಟು ಹೇಳಿ. ಉರಿ ಒಂದು ಸಲ ಬಂದರೆ ನೀರು ಕುಡಿಯಿರಿ, ಡಾಕ್ಟರಿಗೆ ತೋರಿಸಿ. ಆರು ತಿಂಗಳೊಳಗೆ ಎರಡನೇ ಸಲ ಬಂದರೆ ಮಾತ್ರೆ ಮುಟ್ಟುವ ಮೊದಲು ಮೂತ್ರ ಕಲ್ಚರಿಗೆ ಕೊಡಿ. ಕಲ್ಚರಿನಲ್ಲಿ ಏನೂ ಬೆಳೆಯದೆ ಉರಿ ಮಾತ್ರ ಉಳಿದರೆ, ಬಿಳಿ ಹೋಗೋದು, ಹುಣ್ಣು, ಕಿಬ್ಬೊಟ್ಟೆ ನೋವು, ಕೂಡಿದ ಮೇಲೆ ರಕ್ತ ಇದ್ದರೆ, ಗಂಡನಿಗೂ ಉರಿ ಇದ್ದರೆ ಲೈಂಗಿಕ ಸೋಂಕಿನ ತಪಾಸಣೆ ಕೇಳಿ ಮಾಡಿಸಿಕೊಳ್ಳಿ. ಡಾಕ್ಟರು ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಿ. ಸೋಂಕು ಸಿಕ್ಕಿದರೆ ಇಬ್ಬರೂ ಮದ್ದು ತಗೊಳ್ಳಿ. ಯಾರಿಂದ ಬಂತು ಅಂತ ವರದಿ ಹೇಳಲ್ಲ, ಆ ಜಗಳಕ್ಕೆ ಅದನ್ನು ಸಾಕ್ಷಿ ಮಾಡಬೇಡಿ.